ಚಾರಿತ್ರಿಕ ಕಾದಂಬರಿಗೆ ಖಳ ಬೇಕೇ?

ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರಿ, ಎಲ್ಲರೂ ಓದಿಕೊಂಡು ಬಂದ ಒಂದೇ ಪುಸ್ತಕದ ಬಗ್ಗೆ ಮಾತಾಡುವ ಚಿಕ್ಕ ಗುಂಪು ನಮ್ಮದು. ಕಳೆದ ತಿಂಗಳು ಆರಿಸಿಕೊಂಡದ್ದು ಟಿಪ್ಪುವಿನ ಕೈಯಲ್ಲಿದ್ದ ಬೆಂಗಳೂರನ್ನು 1791ರಲ್ಲಿ ಇಂಗ್ಲಿಷರು ಮುತ್ತಿದ್ದನ್ನು ಕುರಿತ ಒಂದು ಕಾದಂಬರಿ. ಎರಡು ಸುತ್ತು ಕಾಫಿ ಮುಗಿದರೂ ಜಗಳ ಮುಗಿಯಲಿಲ್ಲ. ಕಾದಂಬರಿ ಚೆನ್ನಾಗಿಲ್ಲ ಎಂಬುದರಲ್ಲಿ ತಕರಾರಿರಲಿಲ್ಲ, ಯಾಕೆ ಚೆನ್ನಾಗಿಲ್ಲ ಎಂಬುದರಲ್ಲೇ ಇದ್ದದ್ದು. ಇಬ್ಬರು ತಮ್ಮ ವಾದವನ್ನು ಬರೆದುಕೊಟ್ಟಿದ್ದಾರೆ. ಮೊದಲಿನವರು ನಿವೃತ್ತ ಶಿಕ್ಷಕಿ, ಎರಡನೆಯವರು ಪೇಟೆಯಲ್ಲೇ ಹುಟ್ಟಿ ಬೆಳೆದ ಬ್ಯಾಂಕ್ ನೌಕರರು. ಕಾದಂಬರಿಯ ಹೆಸರನ್ನೂ ಬರೆದವರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇವೆ.

ಪರ: ರಕ್ಕಸನಿಲ್ಲದ ಆಟಕ್ಕೆ ಯಾರು ನಿದ್ದೆಗೆಡುತ್ತಾರೆ?

ಮಾಗಡಿ ಸೀಮೆಯ ನಮ್ಮ ಹಳ್ಳಿಯಲ್ಲಿ ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಆಟ ಆಡಿಸುತ್ತಿದ್ದರು. ರಾತ್ರಿಯಿಡೀ ನಡೆಯುವ ಆಟ. ಮಕ್ಕಳಾದ ನಾವು ಈಚಲು ಚಾಪೆಯ ಮೇಲೆ ಅಮ್ಮಂದಿರ ಮಡಿಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದೆವು. ರಾಜ ಬಂದು ಹೋಗುತ್ತಿದ್ದ, ಮಂತ್ರಿ ಬಂದು ಹೋಗುತ್ತಿದ್ದ, ನಮಗೆ ಎಚ್ಚರವೇ ಇರುತ್ತಿರಲಿಲ್ಲ. ಆದರೆ ತೆರೆಯ ಹಿಂದೆ ರಕ್ಕಸ ಅಬ್ಬರಿಸಿದನೆಂದರೆ ಬಯಲಿಗೆ ಬಯಲೇ ಎದ್ದು ಕೂರುತ್ತಿತ್ತು. ಮಹಿಷಾಸುರನ ವೇಷ ಹಾಕುತ್ತಿದ್ದವರು ನಮ್ಮ ಬೀದಿಯವರೇ. ಬೆಳಗಾದ ಮೇಲೆ, ಕಣ್ಣಂಚಿನ ಬಣ್ಣ ಇನ್ನೂ ಹೋಗಿರದ ಮುಖದಲ್ಲೇ, ಹಾಲಿನ ಚೊಂಬು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಅವರು ಒಳ್ಳೆಯವರೆಂದು ನಮಗೆ ಗೊತ್ತಿತ್ತು. ಮಹಿಷಾಸುರ ಕೆಟ್ಟವನೆಂದೂ ಗೊತ್ತಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನಮಗೆ ಯಾವ ವಿಮರ್ಶಕರ ನೆರವೂ ಬೇಕಾಗಿರಲಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ಆ ಭಾನುವಾರ ನಮ್ಮ ಬ್ಯಾಂಕ್ ಮಿತ್ರರು 'ಇತಿಹಾಸದಲ್ಲಿ ಖಳರಿಲ್ಲ, ಸನ್ನಿವೇಶಗಳಿವೆ' ಎಂದರು. ಕೋಣೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಮಾತು ಜಾಣತನದ್ದಾಗಿದ್ದಾಗ ನಮ್ಮ ತಲೆಗಳು ತಾವಾಗಿಯೇ ಆಡಿಬಿಡುತ್ತವೆ. ನನ್ನದೂ ಅರ್ಧ ಆಡಿತ್ತು. ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆ ಸಿಟ್ಟು ಬಂತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ಮೈಸೂರು ಯುದ್ಧಗಳ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ ಹುಡುಗ ಕೇಳುತ್ತಿದ್ದ: 'ಮಿಸ್, ಟಿಪ್ಪು ಒಳ್ಳೆಯವನೇ ಕೆಟ್ಟವನೇ?' ನಾನು ಆ ಪ್ರಶ್ನೆಯನ್ನು ಜಾರಿಸಿಬಿಡುತ್ತಿದ್ದೆ. ಯುದ್ಧದ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಬರೆಸಿದರೆ ಮುಗಿಯಿತು, ಆರು ಅಂಕ. ನಿವೃತ್ತಳಾದ ಮೇಲೆ ಅನ್ನಿಸುತ್ತಿದೆ, ಆ ಹುಡುಗರು ಕೇಳಿದ್ದೇ ಸರಿಯಾದ ಪ್ರಶ್ನೆ, ನನ್ನಲ್ಲೇ ಉತ್ತರಿಸುವ ಧೈರ್ಯ ಇರಲಿಲ್ಲ. ಪಠ್ಯಪುಸ್ತಕ ಹೇಳಲಾರದ ಆ ಉತ್ತರಕ್ಕಾಗಿಯೇ ಅಲ್ಲವೇ ಜನ ಕಾದಂಬರಿ ಕೊಳ್ಳುವುದು?

1791ರ ಮಾರ್ಚ್ 7ರಂದು ಇಂಗ್ಲಿಷರು ಪೇಟೆಗೆ ನುಗ್ಗಿದರು. ಕೋಟೆ ಬಿದ್ದದ್ದು ಆಮೇಲೆ, ಮೊದಲು ಬಿದ್ದದ್ದು ಪೇಟೆ. ಕಂದಕವೂ ಮುಳ್ಳುಬೇಲಿಯೂ ಸುತ್ತುವರಿದಿದ್ದ ಪೇಟೆಯಲ್ಲಿ ಇದ್ದವರು ನೇಕಾರರು, ಅರಳೆ ಮಾರುವವರು, ಬಳೆ ಮಾರುವವರು, ತರಗು ವ್ಯಾಪಾರದವರು. ಅರಳೆಪೇಟೆಯ ಒಬ್ಬ ಹೆಂಗಸು ಮಗುವನ್ನು ಕಂಕುಳಿಗೇರಿಸಿಕೊಂಡು ಓಡಿದಳೆಂದು ಇಟ್ಟುಕೊಳ್ಳಿ. ಅವಳ ಮನೆಯ ಕದ ಒದ್ದವನು ಯಾವ ದೇಶದ ಬಡವನೋ, ಯಾವ ಸಾಲಕ್ಕೆ ಸೈನ್ಯ ಸೇರಿದವನೋ. ಅದನ್ನೆಲ್ಲ ಕಾದಂಬರಿಕಾರ ನನಗೆ ಹೇಳಲಿ, ಕೇಳುತ್ತೇನೆ. ಆದರೆ ಅವಳ ಕಣ್ಣಿನಿಂದ ನೋಡುವಾಗ ಅವನು ಕೆಟ್ಟವನೇ. ಎಲ್ಲರ ಕಷ್ಟವೂ ಒಟ್ಟಿಗೆ ಕಾಣಬೇಕಾದರೆ ದೂರದ ಗುಡ್ಡ ಹತ್ತಿ ನಿಲ್ಲಬೇಕು, ಓಡುತ್ತಿರುವವರಿಗೆ ಗುಡ್ಡ ಹತ್ತಲು ಪುರಸೊತ್ತಿರುವುದಿಲ್ಲ.

ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕ ಚತುರ್ದಶಿಯನ್ನು ಹಬ್ಬವಾಗಿ ಆಚರಿಸದ ಮನೆಗಳಿವೆ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮವರನ್ನು ಕೊಂದರೆಂಬ ನೆನಪು ಅದು ಎನ್ನುತ್ತಾರೆ. ಅಂಥ ಮನೆಯೊಂದರಲ್ಲಿ ನನಗೆ ಗೆಳತಿಯಿದ್ದಾಳೆ. ಪಟಾಕಿ ಸದ್ದು ಕೇಳುತ್ತಾ, ದೀಪ ಹಚ್ಚದೆ ಕೂತ ಅವಳ ಅಜ್ಜಿಯ ಮುಂದೆ ನಿಂತು 'ಅದು ಆ ಕಾಲದ ರಾಜಕೀಯ ಸನ್ನಿವೇಶ, ಅಜ್ಜಿ' ಎಂದು ಯಾರು ಹೇಳುತ್ತೀರಿ? ಟಿಪ್ಪು ಪೂರ್ತಿ ಖಳನೆಂದು ನಾನು ಹೇಳುತ್ತಿಲ್ಲ. ಸರ್ಕಾರ ಅವನ ಜಯಂತಿ ನಡೆಸಿದ 2015ರಿಂದ, ಅದನ್ನು ಕೈಬಿಟ್ಟ 2019ರವರೆಗೆ ಪ್ರತಿ ನವೆಂಬರಿನಲ್ಲಿ ಎರಡೂ ಕಡೆಯ ಕೂಗಾಟ ಕೇಳಿ ಕಿವಿ ತೂತಾಗಿದೆ. ನಾನು ಹೇಳುವುದು ಇಷ್ಟೇ: ಒಂದು ಕೆಲಸ ಕೆಟ್ಟದ್ದಾಗಿದ್ದರೆ ಅದನ್ನು ಕೆಟ್ಟದ್ದೆಂದು ಕರೆಯಲು ಕಾದಂಬರಿಕಾರ ನಾಚಬಾರದು. ಎಲ್ಲವನ್ನೂ ತೊಳೆದು ಒಂದೇ ಬಣ್ಣಕ್ಕೆ ತಂದವನು ತಾನು ಬಹಳ ನಿಷ್ಪಕ್ಷಪಾತಿ ಎಂದುಕೊಳ್ಳಬಹುದು. ತೊಳೆಯುವಾಗ ಯಾರ ಕಣ್ಣೀರು ಹರಿದುಹೋಯಿತೆಂದು ನೋಡಿರುವುದಿಲ್ಲ.

ಇಲ್ಲಿಗೆ ಬಂದಾಗ ಮಿತ್ರರು ಪಂಪನನ್ನು ಎಳೆದು ತರುತ್ತಾರೆ, ಆ ದಿನವೂ ತಂದರು. ಅರ್ಜುನನನ್ನು ತನ್ನ ದೊರೆ ಅರಿಕೇಸರಿಯೊಂದಿಗೆ ಒಂದಾಗಿಸಿ ಕಾವ್ಯ ಕಟ್ಟಿದ ಕವಿ, ಕೊನೆಗೆ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದನಲ್ಲವೇ, ಛಲಕ್ಕೆ ದುರ್ಯೋಧನನ ಹೆಸರನ್ನೇ ಹೇಳಿದನಲ್ಲವೇ ಎನ್ನುತ್ತಾರೆ. ಹೌದು, ಹೇಳಿದ. ಆದರೆ ದ್ರೌಪದಿಯ ಮುಡಿ ಹಿಡಿದು ಸಭೆಗೆ ಎಳೆದು ತಂದದ್ದಕ್ಕೂ ಇನ್ನೊಂದು ಮಗ್ಗುಲಿದೆ ಎಂದು ಪಂಪ ಎಲ್ಲಿಯಾದರೂ ಹೇಳಿದ್ದಾನೆಯೇ? ಆ ಅನ್ಯಾಯ ಅನ್ಯಾಯವಾಗಿಯೇ ನಿಂತಿರುವುದರಿಂದಲೇ ಕರ್ಣನನ್ನು ನೆನೆದಾಗ ನಮ್ಮ ಎದೆ ಭಾರವಾಗುವುದು. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನೂ ಅವರು ತಮ್ಮ ಕಡೆಗೇ ಸೇರಿಸಿಕೊಳ್ಳುತ್ತಾರೆ. ನಾನು ಬಿಟ್ಟುಕೊಡುವುದಿಲ್ಲ. ಕೊಡಗಿನ ಆ ಕೊನೆಯ ರಾಜನ ದುಷ್ಟತನವನ್ನು ಮಾಸ್ತಿ ಎಲ್ಲಿಯೂ ಮುಚ್ಚಿಡಲಿಲ್ಲ. ರಾಣಿ ಗೌರಮ್ಮನ ಒಳ್ಳೆಯತನವನ್ನು ಅನುಮಾನದಿಂದ ನೋಡಲೂ ಇಲ್ಲ. ಒಳಿತು ಒಳಿತಾಗಿ, ಕೇಡು ಕೇಡಾಗಿ ಕಾಣುವ ಪುಸ್ತಕಕ್ಕೇ 1983ರ ಜ್ಞಾನಪೀಠ ಬಂದದ್ದು.

ಇನ್ನು ನಾವು ಓದಿದ ಕಾದಂಬರಿ. ಅದರ ಖಳ ಒಬ್ಬ ದವಸದ ವ್ಯಾಪಾರಿ, ಚಿನ್ನದ ಚೀಲಕ್ಕಾಗಿ ಕೋಟೆಯ ದಿಡ್ಡಿ ಬಾಗಿಲು ತೆಗೆದುಕೊಡುತ್ತಾನೆ. ಸಪ್ಪೆ ಮನುಷ್ಯ. ಅವನ ಬಳಿ ಆಗಲೇ ನಾಲ್ಕು ಚೀಲ ಚಿನ್ನವಿದೆ, ಐದನೆಯದು ಅವನಿಗೆ ಯಾಕೆ ಬೇಕೆಂದು ಬರೆದವರಿಗೂ ಗೊತ್ತಿರುವಂತೆ ಕಾಣುವುದಿಲ್ಲ. ಅವನು ಮಾತಾಡಿದರೆ ನಮಗೆ ಒಂದು ಕ್ಷಣವಾದರೂ 'ಇವನು ಹೇಳುವುದೂ ಸರಿಯಿರಬಹುದೇ' ಎನ್ನಿಸಬೇಕಿತ್ತು. ಆಮೇಲೆ ನಮ್ಮ ಬಗ್ಗೆಯೇ ನಮಗೆ ಹೆದರಿಕೆಯಾಗಬೇಕಿತ್ತು. ರಕ್ಕಸನೇನೋ ಬಂದ, ಅಬ್ಬರವೇ ಇಲ್ಲ. ನಿರಾಸೆಯಾದದ್ದು ನಿಜ. ಆದರೆ ಮಿತ್ರರ ಲೆಕ್ಕ ತಲೆಕೆಳಗಾಗಿದೆ. ಈ ಕಾದಂಬರಿಯಲ್ಲಿ ಖಳ ಹೆಚ್ಚಾಗಿದ್ದಾನೆಂದು ಅವರ ದೂರು, ಕಡಿಮೆಯಾಗಿದ್ದಾನೆಂದು ನನ್ನದು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು, ಒಂಬತ್ತನೆಯ ತರಗತಿ, ಮೊಬೈಲ್ ಬಿಟ್ಟು ಏನನ್ನೂ ಮುಟ್ಟದವಳು, ಇದೇ ಕಾದಂಬರಿಯನ್ನು ಎರಡು ದಿನದಲ್ಲಿ ಮುಗಿಸಿ 'ಅಜ್ಜಿ, ಆ ಕೋಟೆ ತೋರಿಸು' ಎಂದಳು. ಬ್ಯಾಂಕ್ ಮಿತ್ರರು ಹೊಗಳಿದ ಮೂರು ಕಾದಂಬರಿಗಳನ್ನು ಹೋದ ಬೇಸಿಗೆಯಲ್ಲಿ ಅವಳಿಗೆ ಕೊಟ್ಟಿದ್ದೆ. ಅವು ಮಂಚದ ಕೆಳಗಿವೆ.

ವಿರೋಧ: ಗೋಡೆ ಒಡೆದದ್ದು ಫಿರಂಗಿ

ಟೀಚರ್ ಬರೆದದ್ದನ್ನು ಓದಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಅನುಕೂಲ ನನ್ನ ಕಡೆಗಿದೆ. ಅವರ ಮೊಮ್ಮಗಳಿಗೆ ಕೋಟೆ ತೋರಿಸುವ ಕೆಲಸ ನನಗಿರಲಿ. ನಾನು ಹುಟ್ಟಿದ್ದು ಬಳೇಪೇಟೆಯಲ್ಲಿ, ಅಂಗಡಿಯ ಹಿಂದಿನ ಮನೆಯಲ್ಲಿ. ನಮ್ಮ ಕಾಲದ ಹುಡುಗರಿಗೆ ಕೋಟೆ ಎಂದರೆ ಮಾರ್ಕೆಟ್ಟಿಗೂ ವಿಕ್ಟೋರಿಯಾ ಆಸ್ಪತ್ರೆಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಕಲ್ಲಿನ ಹೆಬ್ಬಾಗಿಲು. ಕೆಂಪೇಗೌಡರು 1537ರಲ್ಲಿ ಮಣ್ಣಿನಲ್ಲಿ ಕಟ್ಟಿಸಿ, ಹೈದರಾಲಿ 1761ರಲ್ಲಿ ಕಲ್ಲಿನದಾಗಿಸಿದ ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ತುಂಡು. ಅಲ್ಲಿ ಗೋಡೆಗೆ ಹಾಕಿದ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ, 1791ರ ಮಾರ್ಚ್ 21ರಂದು ಬ್ರಿಟಿಷರ ಲಗ್ಗೆ ಈ ಒಡಕಿನ ಮೂಲಕ ನಡೆಯಿತೆಂದು. ಬಸ್ಸಿಗೆ ಕಾಯುತ್ತಾ ಆ ಕಡೆ ಎಷ್ಟು ಸಲ ನಿಂತಿದ್ದೇನೋ. ಆ ಒಡಕಿನ ಮೇಲೆ ಕನ್ನಡದಲ್ಲೊಂದು ಕಾದಂಬರಿ ಬಂದಿದೆ ಎಂದಾಗ ನಾನು ಓಡಿಹೋಗಿ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮೆಟ್ರೊದಲ್ಲಿ ನಿಂತುಕೊಂಡೇ ಓದಲು ತೊಡಗಿದೆ. ಹನ್ನೆರಡನೆಯ ಪುಟದಲ್ಲಿ ವ್ಯಾಪಾರಿ ಬಂದ. ಒಂದು ಕಣ್ಣು ಓರೆ. ತುಟಿಯಂಚಿನಿಂದ ಎಲೆಯಡಿಕೆಯ ರಸ ಸೋರುತ್ತಿದೆ. ನಕ್ಕರೆ ಹಲ್ಲಿನ ಸಂದು ಕಾಣುತ್ತದೆ. ಅದಕ್ಕೆ ಎರಡು ಪುಟ ಹಿಂದೆ ಕೋಟೆಯ ಕಾವಲಿನ ತರುಣ ಬಂದು ಹೋಗಿದ್ದ: ಎತ್ತರದ ನಿಲುವು, ನೀಳ ಮೂಗು, ಬಿಡುವಿನಲ್ಲಿ ಕೊಳಲು ಬೇರೆ. ಯಾರು ಯಾರನ್ನು ಮೋಸಗೊಳಿಸುತ್ತಾರೆ, ಯಾರು ಯಾರ ತೋಳಿನಲ್ಲಿ ಪ್ರಾಣ ಬಿಡುತ್ತಾರೆ ಎಲ್ಲವೂ ಅಲ್ಲಿಗೇ ತಿಳಿಯಿತು. ಇನ್ನೂ ನಾನೂರ ಮೂವತ್ತು ಪುಟ ಉಳಿದಿದ್ದವು. ದುಡ್ಡು ಕೊಟ್ಟಾಗಿತ್ತು, ಓದಿದೆ.

ಟೀಚರ್ ಹೇಳುವಂತೆ ಖಳ ಸಪ್ಪೆಯಾಗಿದ್ದದ್ದೇ ಸಮಸ್ಯೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಪ್ಪೆ ಪಾತ್ರಗಳನ್ನು ಬೇಕಾದಷ್ಟು ಕ್ಷಮಿಸಿದ್ದೇನೆ. ನನಗೆ ನುಂಗಲಾಗದ್ದು ಆ ದಿಡ್ಡಿ ಬಾಗಿಲು.

ನಡೆದದ್ದು ಹೀಗೆ. ಮಾರ್ಚ್ 7ರಂದು ಪೇಟೆ ಬಿತ್ತು. ಆಮೇಲೆ ಎರಡು ವಾರ ಇಂಗ್ಲಿಷರು ಕೋಟೆಯತ್ತ ಫಿರಂಗಿ ಹೂಡಿ ಹೊಡೆದರು. ಗೋಡೆ ಒಂದು ಕಡೆ ಕುಸಿಯಿತು. 21ರ ರಾತ್ರಿ ಆ ಕುಸಿದ ಜಾಗಕ್ಕೇ ಲಗ್ಗೆಯಿಟ್ಟರು. ಟಿಪ್ಪುವಿನ ಸೈನ್ಯ ಹತ್ತಿರದಲ್ಲೇ ಇತ್ತು. ಕೋಟೆಯ ಉಸ್ತುವಾರಿ ಹೊತ್ತ ಕಿಲ್ಲೇದಾರ ಬಹಾದ್ದೂರ್ ಖಾನ್ ಓಡಲಿಲ್ಲ, ಅಲ್ಲೇ ಕಾದಾಡಿ ಸತ್ತ. ಇದರಲ್ಲಿ ಲಾಂದ್ರ ಹಿಡಿದು ನಡುರಾತ್ರಿ ಬಾಗಿಲು ತೆಗೆಯುವ ವ್ಯಾಪಾರಿಗೆ ಜಾಗವೇ ಇಲ್ಲ. ಫಿರಂಗಿಯಿದ್ದ ಜಾಗದಲ್ಲಿ ಕಾದಂಬರಿಕಾರರು ದ್ರೋಹಿಯನ್ನು ತಂದು ನಿಲ್ಲಿಸಿದ್ದಾರೆ. ಕಾದಂಬರಿಗೆ ಸ್ವಾತಂತ್ರ್ಯವಿದೆ ಎನ್ನಬಹುದು. ಇರಲಿ. ಈ ಸ್ವಾತಂತ್ರ್ಯ ಯಾವ ಕಡೆಗೆ ಕೈಚಾಚಿತು ಎಂಬುದನ್ನು ನೋಡಿ. ದ್ರೋಹಿ ಬಾಗಿಲು ತೆಗೆದನೆಂದರೆ ನಾವು ಸೋತಿಲ್ಲ, ನಮ್ಮನ್ನು ಮಾರಿದರು ಎಂದಾಯಿತು. ಕಂದಕವೂ ಬೇಲಿಯೂ ಇದ್ದ ಪೇಟೆ ಒಂದೇ ದಿನದಲ್ಲಿ ಯಾಕೆ ಬಿತ್ತು? ಅಷ್ಟು ಹತ್ತಿರವಿದ್ದ ಸೈನ್ಯ ಲಗ್ಗೆಯನ್ನು ಯಾಕೆ ತಡೆಯಲಾಗಲಿಲ್ಲ? ಮರಾಠರೂ ನಿಜಾಮನೂ ಇಂಗ್ಲಿಷರ ಕಡೆಗೆ ಯಾಕೆ ನಿಂತರು? ಒಂದನ್ನೂ ಕೇಳಬೇಕಾಗಿಲ್ಲ. ಓರೆಗಣ್ಣಿನವನೊಬ್ಬ ಸಿಕ್ಕಿದ್ದಾನೆ, ಅವನ ಕತ್ತು ಕತ್ತರಿಸಿದರೆ ಓದುಗನ ಮನಸ್ಸಿಗೆ ಸಮಾಧಾನ.

ಶ್ರೀರಂಗಪಟ್ಟಣದ ಕಥೆಯನ್ನೂ ಹೀಗೆಯೇ ಹೇಳುತ್ತೇವೆ. ಆ ಕೋಟೆ ಬಿದ್ದು ಟಿಪ್ಪು ಸತ್ತ 1799ರ ಮೇ 4 ಎಂದ ಕೂಡಲೇ ಅವನ ಮಂತ್ರಿ ಮೀರ್ ಸಾದಿಕನ ಹೆಸರು ಬರುತ್ತದೆ. ಅವನು ಮೋಸ ಮಾಡಿದನೆಂದೇ ಒಪ್ಪಿಕೊಂಡರೂ, ಅಲ್ಲಿಯೂ ಮೊದಲು ಗೋಡೆಯನ್ನು ಕೆಡವಿದ್ದು ಫಿರಂಗಿ, ಇಂಗ್ಲಿಷರು ನದಿ ದಾಟಿ ಹತ್ತಿದ್ದು ಆ ಒಡಕನ್ನೇ. ದ್ರೋಹಿಯ ಹೆಸರು ಹಳ್ಳಿಯ ಹುಡುಗನಿಗೂ ಬಾಯಿಪಾಠ, ಆ ಫಿರಂಗಿಗಳನ್ನು ಎಳೆದು ತಂದ ಎತ್ತುಗಳನ್ನು ಕೇಳುವವರಿಲ್ಲ.

ಎತ್ತು ಎಂದಾಗ ನೆನಪಾಯಿತು. ಬೆಂಗಳೂರು ಗೆದ್ದ ಎರಡೇ ತಿಂಗಳಿಗೆ, ಮೇ ತಿಂಗಳಲ್ಲಿ, ಇಂಗ್ಲಿಷ್ ಸೈನ್ಯವನ್ನು ನಡೆಸುತ್ತಿದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೆ ಹೋಗಿ, ಅಲ್ಲಿ ಕಾದಾಟದಲ್ಲಿ ಗೆದ್ದೂ ಹಿಂದಿರುಗಿದ. ದವಸವಿಲ್ಲ, ಎಳೆಯುವ ಎತ್ತುಗಳು ಸತ್ತವು, ಮಳೆ ಹಿಡಿಯಿತು. ಗೋಡೆ ಒಡೆಯುವ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸಾದ. ಮುಂದೆ ಅವನ ಸೈನ್ಯದ ಹೊಟ್ಟೆ ತುಂಬಿದ್ದು ಬಹುಮಟ್ಟಿಗೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ತಿರುಗುತ್ತಿದ್ದ ಲಂಬಾಣಿಗಳಿಂದ. ಬ್ಯಾಂಕಿನಲ್ಲಿ ಕೂತು ಕೂತು ನನ್ನ ಬುದ್ಧಿ ಲೆಕ್ಕದ ಕಡೆಗೇ ಓಡುತ್ತದೆ ಎಂದು ಟೀಚರ್ ಆಗಾಗ ಚುಚ್ಚುತ್ತಾರೆ. ಓಡಲಿ ಬಿಡಿ. ಯುದ್ಧವೆಂಬುದು ಮುಕ್ಕಾಲು ಪಾಲು ಮೇವು, ದವಸ ಮತ್ತು ಮದ್ದಿನ ಲೆಕ್ಕ. ಅದನ್ನು ಬಿಟ್ಟು ಬರೀ ಕತ್ತಿಯನ್ನೂ ಕೊಳಲನ್ನೂ ಕೊಟ್ಟರೆ ನನಗೆ ಮೋಸವಾದಂತೆ ಅನ್ನಿಸುತ್ತದೆ.

ಕೇಡು ಇಲ್ಲವೆಂದು ನಾನು ಹೇಳುತ್ತಿಲ್ಲ. ಟೀಚರ್ ಹಾಗೆ ಬರೆದದ್ದು ನನಗೆ ಸ್ವಲ್ಪ ನೋವಾಯಿತು. 1792ರಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದವನ್ನು ಓದಿ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ಸಂದಾಯವಾಗುವವರೆಗೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆ. ಆ ಹಣ ಕೊನೆಗೆ ಯಾರ ಗದ್ದೆಯಿಂದ, ಯಾರ ಮಗ್ಗದಿಂದ ಎದ್ದಿತು? ಮೈಸೂರು ಸೀಮೆಯ ರೈತನಿಗೆ ಅದಕ್ಕಿಂತ ದೊಡ್ಡ ಕೇಡು ಬೇರೊಂದಿರಲಿಲ್ಲ. ಆದರೆ ಆ ಕೇಡಿಗೆ ಓರೆಗಣ್ಣಿಲ್ಲ, ಎಲೆಯಡಿಕೆಯ ರಸವಿಲ್ಲ. ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು, ಮೊಹರು ಹಾಕಿ, ಸಲಾಮು ಮಾಡಿ ಕೊಟ್ಟ ಕಾಗದ ಅದು. ಹಲ್ಲು ಕಡಿಯುವವನನ್ನೇ ಹುಡುಕುವ ಕಾದಂಬರಿ ಈ ಕಾಗದದ ಮುಂದಿನಿಂದ ಹಾದುಹೋಗಿಬಿಡುತ್ತದೆ. ನಾವು ಓದಿದ್ದು ಹಾಗೆಯೇ ಹಾದುಹೋಯಿತು. ಕೊನೆಯ ಅಧ್ಯಾಯದಲ್ಲಿ ಒಪ್ಪಂದಕ್ಕೆ ಸಿಕ್ಕಿದ್ದು ಒಂದೂವರೆ ಸಾಲು.

ಆ ಕಾರ್ನ್‌ವಾಲಿಸನನ್ನೇ ತೆಗೆದುಕೊಳ್ಳಿ. ಹತ್ತು ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಸೈನ್ಯವನ್ನು ಒಪ್ಪಿಸಿ ಬಂದವನು. ಇಲ್ಲಿ ಗೆಲ್ಲಲೇಬೇಕಾದ ಹಸಿವು ಅವನಿಗೆ ಎಷ್ಟಿತ್ತೆಂದು ಊಹಿಸಬಹುದು. ಕೋಟೆ ಬಿದ್ದ ಮೇಲೆ ಬಹಾದ್ದೂರ್ ಖಾನನ ಶವವನ್ನು ಗೌರವದಿಂದ ಟಿಪ್ಪುವಿಗೆ ಒಪ್ಪಿಸಲು ಅವನು ಮುಂದಾದನಂತೆ. ಹೋರಾಡಿ ಬಿದ್ದ ಜಾಗದಲ್ಲೇ ಮಣ್ಣು ಮಾಡುವುದು ಲೇಸು ಎಂದು ಟಿಪ್ಪು ಹೇಳಿಕಳಿಸಿದನಂತೆ. ಇಂಗ್ಲಿಷರೇ ಬರೆದಿಟ್ಟ ಸಂಗತಿ ಇದು. ಒಂದು ಹೆಣ, ಎರಡು ಕಡೆಯ ಇಬ್ಬರು, ನಡುವೆ ಒಂದು ಸಂದೇಶ. ನನಗಾಗಿದ್ದರೆ ಐವತ್ತು ಪುಟ ಬರೆಯುವ ವಸ್ತು. ಕಾದಂಬರಿಯಲ್ಲಿ ಕಾರ್ನ್‌ವಾಲಿಸ್ ಮೀಸೆ ತಿರುವಿ ಗಹಗಹಿಸುತ್ತಾನೆ. ಅವನಿಗೆ ಮೀಸೆಯೇ ಇರಲಿಲ್ಲ, ಚಿತ್ರಗಳಲ್ಲಿ ನೋಡಬಹುದು.

ಇನ್ನು ಮೇಲುಕೋಟೆ. ಅದನ್ನು ಕಾದಂಬರಿಯಲ್ಲಿ ಬರೆಯಲೇಬೇಕೆಂದು ಟೀಚರ್ ಹೇಳಿದರೆ ನಾನು ಕೈ ಜೋಡಿಸುತ್ತೇನೆ. ಅದರ ಪಕ್ಕದಲ್ಲೇ ಶೃಂಗೇರಿಯನ್ನೂ ಇಡಬೇಕು ಎನ್ನುತ್ತೇನೆ, ಅಷ್ಟೆ. ಇದೇ 1791ರಲ್ಲಿ, ಇದೇ ಯುದ್ಧದಲ್ಲಿ, ಇಂಗ್ಲಿಷರ ಜೊತೆಗೂಡಿದ್ದ ಮರಾಠರ ಕುದುರೆ ಸವಾರರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಆಗ ಸ್ವಾಮಿಗಳಿಗೆ ಗೌರವದಿಂದ ಪತ್ರ ಬರೆದು, ಶಾರದೆಯ ಪುನಃ ಪ್ರತಿಷ್ಠೆಗೆ ನೆರವು ಕಳಿಸಿದವನು ಟಿಪ್ಪು. ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಒಬ್ಬನೇ ಮನುಷ್ಯನ ಹೆಸರಿನಲ್ಲಿ ಒಂದು ಊರು ದೀಪ ಹಚ್ಚುವುದಿಲ್ಲ, ಇನ್ನೊಂದು ಊರು ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿದೆ. ಇವನು ಒಳ್ಳೆಯವನೇ ಕೆಟ್ಟವನೇ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದರೆ ನಾನೂ ಜಾರಿಸುವುದಿಲ್ಲ. ಎರಡೂ ಊರುಗಳ ಹೆಸರು ಹೇಳಿ, ಈಗ ನೀನೇ ಹೇಳಪ್ಪ ಎನ್ನುತ್ತೇನೆ. ನಮ್ಮ ಕಾದಂಬರಿಕಾರರು ಎರಡನ್ನೂ ಬಿಟ್ಟರು. ಅವರು ಎಳೆದ ಗೆರೆಗೆ ಮೇಲುಕೋಟೆಯೂ ಹೊಂದುತ್ತಿರಲಿಲ್ಲ, ಶೃಂಗೇರಿಯೂ ಹೊಂದುತ್ತಿರಲಿಲ್ಲ.

ಖಳನನ್ನು ಗೊಂಬೆ ಮಾಡುವ ಚಟ ಎರಡೂ ಕಡೆಗಿತ್ತು. ಲಂಡನ್ನಿನ ರಂಗಮಂದಿರಗಳಲ್ಲಿ ಟಿಪ್ಪುವನ್ನು ಕ್ರೂರಿಯಾಗಿ ಆಡಿಸಿ ತೋರಿಸಿದರು. ಇಲ್ಲಿ ಟಿಪ್ಪು ತನ್ನ ಅರಮನೆಯಲ್ಲಿ ಒಂದು ಮರದ ಹುಲಿಯನ್ನು ಇಟ್ಟುಕೊಂಡಿದ್ದ. ಅದು ಒಬ್ಬ ಬಿಳಿಯನ ಮೇಲೆರಗಿದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಬಿಳಿಯ ನರಳುತ್ತಾನೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನೋಡಲು ಸೊಗಸು. ಆದರೆ ಹಿಡಿ ತಿರುಗಿಸಿದಷ್ಟು ಸಲವೂ ಅದೇ ಸದ್ದು. ನಾನು ಮೆಟ್ರೊದಲ್ಲಿ ನಿಂತು ನಾನೂರ ಮೂವತ್ತು ಪುಟ ತಿರುಗಿಸಿದ್ದು ಅಂಥದೇ ಹಿಡಿಯನ್ನು.

ಪಂಪನ ವಿಷಯದಲ್ಲಿ ಟೀಚರ್ ಹೇಳಿದ್ದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ದ್ರೌಪದಿಯ ಮುಡಿಗೆ ಇನ್ನೊಂದು ಮಗ್ಗುಲಿಲ್ಲ. ಆದರೆ ಪಂಪನ ದುರ್ಯೋಧನ ಬರೀ ಆ ಮುಡಿಗೆ ಕೈಹಾಕಿಸಿದವನಲ್ಲ, ಕುಲ ಕೇಳದೆ ಕರ್ಣನಿಗೆ ಅಂಗರಾಜ್ಯ ಕೊಟ್ಟು ಗೆಳೆಯನೆಂದವನೂ ಅವನೇ. ಎದುರಾಳಿಗೂ ಅವನ ತೂಕವನ್ನು ತೂಗಿ ಕೊಡುವ ಈ ಅಭ್ಯಾಸ ನಮ್ಮ ಭಾಷೆಗೆ ಸಾವಿರ ವರ್ಷ ಹಳೆಯದು. ನಾಗಚಂದ್ರ ರಾವಣನಿಗೆ ಕೊಟ್ಟದ್ದು, ರನ್ನ ಮತ್ತೆ ದುರ್ಯೋಧನನಿಗೆ ಕೊಟ್ಟದ್ದು ಅದನ್ನೇ. ಅಂಥ ಮನೆಯಲ್ಲಿ ಹುಟ್ಟಿ ಓರೆಗಣ್ಣಿನ ವ್ಯಾಪಾರಿಯನ್ನು ಬರೆಯುವುದೆಂದರೇನು?

ವ್ಯಾಪಾರಿ ಎಂಬುದಕ್ಕೂ ನನಗೆ ಸ್ವಲ್ಪ ಮುನಿಸಿದೆ, ಅದನ್ನೂ ಕಕ್ಕಿಬಿಡುತ್ತೇನೆ. ಪೇಟೆಯವನೆಂದರೆ ಮಾರಿಕೊಳ್ಳುವವನು ಎಂದು ಬರೆಯುವುದು ಸುಲಭ. ಈ ಊರನ್ನೇ ಎಷ್ಟು ಸಲ ಮಾರಿದ್ದಾರೆ, ಯಾರು ಮಾರಿದ್ದು? 1638ರಲ್ಲಿ ಬಿಜಾಪುರದವರು ಗೆದ್ದು ಶಹಾಜಿಗೆ ಕೊಟ್ಟರು. 1687ರಲ್ಲಿ ಮೊಗಲರು ಹಿಡಿದರು. ಹಿಡಿದವರು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದರು. ಪ್ರತಿ ಸಲವೂ ಪೇಟೆಯವರು ಬಾಗಿಲು ಹಾಕಿದರು, ಸದ್ದಡಗಿದ ಮೇಲೆ ತೆಗೆದರು, ಹೊಸ ದೊರೆಗೆ ಸುಂಕ ಕಟ್ಟಿದರು. ಇದರಲ್ಲಿ ವೀರವೂ ಇಲ್ಲ, ದ್ರೋಹವೂ ಇಲ್ಲ, ಮರುದಿನ ಒಲೆ ಉರಿಯಬೇಕೆಂಬ ಆತಂಕವಿದೆ. ಅರಮನೆಯಲ್ಲೂ ಪೂರ್ಣಯ್ಯನವರನ್ನು ನೋಡಿ. ಹೈದರನ ಲೆಕ್ಕ ಬರೆದರು, ಟಿಪ್ಪುವಿಗೆ ಮಂತ್ರಿಯಾದರು, ಟಿಪ್ಪು ಸತ್ತ ವರ್ಷವೇ ಬಾಲಕ ಕೃಷ್ಣರಾಜ ಒಡೆಯರಿಗೆ ದಿವಾನರಾಗಿ 1811ರವರೆಗೆ ರಾಜ್ಯ ನಡೆಸಿದರು. ಈ ಮನುಷ್ಯ ಒಂದು ರಾತ್ರಿ ಒಬ್ಬರೇ ಕೂತಾಗ ಏನು ಯೋಚಿಸುತ್ತಿದ್ದರು ಎಂಬುದೇ ನನಗೆ ಬೇಕಾದ ಚಾರಿತ್ರಿಕ ಕಾದಂಬರಿ. ನಮ್ಮ ಪುಸ್ತಕದಲ್ಲಿ ಅವರು ಎರಡು ಸಲ ಬರುತ್ತಾರೆ. ಎರಡು ಸಲವೂ 'ಅಪ್ಪಣೆ, ಪ್ರಭು' ಎನ್ನುತ್ತಾರೆ.

ಒಂದು ಕಡೆ ಮಾತ್ರ ನಾನು ನಿಜವಾಗಿ ಎಚ್ಚರವಾದೆ. ಇನ್ನೂರರ ಆಸುಪಾಸಿನ ಪುಟ. ಪೇಟೆ ಬಿದ್ದ ಮರುದಿನ ಒಬ್ಬಳು ಲಂಬಾಣಿ ಹೆಂಗಸು ಏಳು ಎತ್ತುಗಳ ಮೇಲೆ ಜೋಳ ಹೇರಿಕೊಂಡು ಬರುತ್ತಾಳೆ. ಹೋದ ವಾರ ಕೋಟೆಯೊಳಕ್ಕೆ ಮಾರಿದವಳು, ಇವತ್ತು ಹೊರಗಿನವರಿಗೆ ಮಾರಲು ಬಂದಿದ್ದಾಳೆ. ಕಾವಲಿನ ಸಿಪಾಯಿ ಗದರಿಸಿದಾಗ ಅವಳು ಹೆದರುವುದಿಲ್ಲ, ಸೇರಿಗೆ ಎಷ್ಟು ಕೊಡುತ್ತೀ ಎಂದು ಕೇಳುತ್ತಾಳೆ. ಸೋತ ಎತ್ತೊಂದರ ಕಾಲು ನೀವುತ್ತಾ, ಕೋಟೆಯ ಕಡೆಗೊಮ್ಮೆ ನೋಡಿ, ಒಳಗಿರುವವರ ಹತ್ತಿರ ಇನ್ನೆಷ್ಟು ದಿನದ ಜೋಳವಿದೆ ಎಂದು ಮನಸ್ಸಿನಲ್ಲೇ ಎಣಿಸುತ್ತಾಳೆ. ಎಣಿಸಿ, ಆ ಲೆಕ್ಕವನ್ನು ಸಿಪಾಯಿಗೆ ಹೇಳುವುದಿಲ್ಲ. ಅರ್ಧ ಪುಟ ಅಷ್ಟೆ. ಇವಳು ಒಳ್ಳೆಯವಳೋ ಕೆಟ್ಟವಳೋ ಬರೆದವರಿಗೆ ತೀರ್ಮಾನಿಸಲು ಆಗಲಿಲ್ಲವೋ ಏನೋ, ಮುಂದಿನ ಪುಟದಲ್ಲಿ ಮತ್ತೆ ಕೊಳಲು ಶುರುವಾಯಿತು. ಎತ್ತಿನ ಕೊರಳ ಗಂಟೆಯ ಸದ್ದು ಇನ್ನೊಮ್ಮೆ ಕೇಳೀತೆಂದು ನಾನು ಕೊನೆಯವರೆಗೂ ಪುಟ ತಿರುವಿದೆ. ಪುಸ್ತಕ ಮುಗಿದ ಮೇಲೆ ಹಿಂದಿನಿಂದ ಮುಂದಕ್ಕೂ ಒಮ್ಮೆ ಹುಡುಕಿದೆ.